ಅತ್ತೆ ಬಿಟ್ಟ ಅನ್ನ, ಗಡ್ಡೆ ಬಿಡದ ಸಕ್ಕರೆ

"ಇಷ್ಟು ದಿನ ನಾನು ಅನ್ನ ಬಿಟ್ಟು ಗಡ್ಡೆಯನ್ನು ಉಪವಾಸ ಕೆಡವಿದೆ, ಈಗ ಇವರೇ ಅದಕ್ಕೆ ಸಕ್ಕರೆ ಕೊಡುತ್ತಾರಂತಲ್ಲ?" ಈ ವಾರ, ಕ್ಯಾನ್ಸರ್ ಗಡ್ಡೆ ಎಲ್ಲೆಲ್ಲಿದೆ ಎಂದು ನೋಡುವ ಪೆಟ್ ಸ್ಕ್ಯಾನಿನ ಚುಚ್ಚುಮದ್ದಿಗೆ ಮುಂಚೆ ಅತ್ತೆ ಕೇಳಿದ ಪ್ರಶ್ನೆ ಇದು. ತಂತ್ರಜ್ಞರು "ಅದೆಲ್ಲ ಯೋಚಿಸಬೇಡಿ ಅಮ್ಮ" ಎಂದು ಒಳಗೆ ಕರೆದುಕೊಂಡು ಹೋದರು. ನನಗೆ ಮಾತ್ರ ಆ ಮಾತು ಇನ್ನೂ ಕಿವಿಯಲ್ಲೇ ಇದೆ.

ಕ್ಯಾನ್ಸರಿಗೆ ಸಕ್ಕರೆಯೇ ಆಹಾರ ಎಂಬ ವಿಡಿಯೊ ನೋಡಿದ ಅತ್ತೆಯ ಮಗ ಅನ್ನ, ಮುದ್ದೆ, ಬಾಳೆಹಣ್ಣು ಎಲ್ಲವನ್ನೂ ನಿಲ್ಲಿಸಿದ್ದ. ಅತ್ತೆಯ ಬಳೆಗಳು ಮೊಣಕೈವರೆಗೆ ಜಾರುತ್ತಿದ್ದವು. ತಾಯಿಯ ಮೇಲಿನ ಪ್ರೀತಿಯಿಂದ ಹೀಗೆ ಮಾಡಿದ ಹುಡುಗನ ಮೇಲೆ ನನಗೆ ಸಿಟ್ಟಿಲ್ಲ. ಒಬ್ಬ ರೋಗಿಯ ಮುಖವನ್ನೂ ನೋಡದೆ ಭಯ ಹಂಚುವ ಆ ವಿಡಿಯೊದವರನ್ನು ಕ್ಷಮಿಸಲಾರೆ.

ಆದರೂ ಅವರ ಮಾತಿನಲ್ಲಿ ಅರ್ಧ ಸತ್ಯವಿದೆ. 1920ರ ದಶಕದಲ್ಲಿ ಜರ್ಮನಿಯ ವಿಜ್ಞಾನಿ ಓಟೋ ವಾರ್‌ಬರ್ಗ್, ಆಮ್ಲಜನಕ ಸಾಕಷ್ಟಿದ್ದರೂ ಗಡ್ಡೆಯ ಜೀವಕೋಶಗಳು ಗ್ಲೂಕೋಸನ್ನು ಪೂರ್ತಿ ಉರಿಸದೆ ಲ್ಯಾಕ್ಟೇಟ್ ಆಗಿಸಿ ಹೊರಹಾಕುವುದನ್ನು ಕಂಡರು. ಪೂರ್ತಿ ಉರಿಸಿದರೆ ಒಂದು ಗ್ಲೂಕೋಸ್ ಅಣುವಿನಿಂದ ಸುಮಾರು 30 ಎಟಿಪಿ (ಕೋಶದ ಶಕ್ತಿಯ ನಾಣ್ಯ) ಸಿಗುತ್ತದೆ, ಈ ಅರ್ಧದಾರಿಯಲ್ಲಿ ಕೇವಲ 2. ಕೋಶದೊಳಗೆ ಹೀಗೆ ಪೂರ್ತಿ ಉರಿಸುವ ಮೈಟೋಕಾಂಡ್ರಿಯಾ ಕೆಟ್ಟಿರುವುದೇ ಇದಕ್ಕೆ ಕಾರಣವೆಂದು ಅವರು ನಂಬಿದ್ದರು, ಆದರೆ ಬಹುಪಾಲು ಗಡ್ಡೆಗಳಲ್ಲಿ ಅದು ಕೆಲಸ ಮಾಡುತ್ತಲೇ ಇರುತ್ತದೆ. ಸದಾ ವಿಭಜನೆಗೊಳ್ಳುವ ಕೋಶಕ್ಕೆ ಶಕ್ತಿಯಷ್ಟೇ ಸಾಲದು, ಹೊಸ ಡಿಎನ್‌ಎ ಮತ್ತು ಹೊಸ ಪೊರೆ ಕಟ್ಟಲು ಕಚ್ಚಾವಸ್ತುವೂ ಬೇಕು. ಗ್ಲೂಕೋಸಿನ ಒಂದು ಪಾಲು ಆ ಕಡೆಗೆ ಹರಿಯುತ್ತದೆ. ಈ ಹಸಿವನ್ನೇ ಸ್ಕ್ಯಾನ್ ಬಳಸಿಕೊಳ್ಳುತ್ತದೆ. ಫ್ಲೋರಿನ್-18 ಎಂಬ ವಿಕಿರಣ ಸೂಸುವ ಪರಮಾಣು ಅಂಟಿಸಿದ ಗ್ಲೂಕೋಸಿನಂಥ ವಸ್ತು ಕೋಶದೊಳಗೆ ಹೋಗಿ, ಮುಂದಿನ ಹಂತಕ್ಕೆ ಸಾಗಲಾರದೆ ಅಲ್ಲೇ ಸಿಕ್ಕಿಹಾಕಿಕೊಂಡು ತಾನಿರುವ ಜಾಗವನ್ನು ತೋರಿಸಿಕೊಡುತ್ತದೆ. ಅದರ ಪ್ರಮಾಣ ಎಷ್ಟು ಅಲ್ಪವೆಂದರೆ ಅದು ಗಡ್ಡೆಗೆ ಊಟವಾಗುವ ಪ್ರಶ್ನೆಯೇ ಇಲ್ಲ. ಅತ್ತೆಗೆ ಇಷ್ಟನ್ನು ಹೇಳಲು ಎರಡು ನಿಮಿಷ ಸಾಕಿತ್ತು.

ಉಳಿದರ್ಧ ಸುಳ್ಳು, ಮತ್ತು ಅಪಾಯ ಇರುವುದು ಅಲ್ಲೇ. ನಾವು ಅನ್ನ ಬಿಟ್ಟರೂ ಮೆದುಳಿಗಾಗಿ ಯಕೃತ್ತು ಗ್ಲೂಕೋಸ್ ತಯಾರಿಸುತ್ತದೆ, ಅದಕ್ಕಾಗಿ ದೇಹ ಸ್ನಾಯುವನ್ನೂ ಕರಗಿಸುತ್ತದೆ. ಆ ಸಕ್ಕರೆಯಲ್ಲಿ ಗಡ್ಡೆಯೂ ತನ್ನ ಪಾಲು ಎಳೆದುಕೊಳ್ಳುತ್ತದೆ. ಸಕ್ಕರೆ ಕಡಿಮೆಯಾದರೆ ಪ್ರೋಟೀನಿನ ಘಟಕವಾದ ಗ್ಲುಟಮಿನ್, ಕೊಬ್ಬು, ಕೊನೆಗೆ ಪಕ್ಕದ ಕೋಶ ಬಿಟ್ಟ ಲ್ಯಾಕ್ಟೇಟನ್ನೂ ಬಳಸಿಕೊಳ್ಳುವ ಗಡ್ಡೆಗಳಿವೆ. ಹೀಗೆ ಬೇರೆ ದಾರಿ ಹುಡುಕಿಕೊಳ್ಳುವುದರಿಂದಲೇ ಒಂದೇ ದಾರಿಯನ್ನು ಮುಚ್ಚುವ ಔಷಧಗಳು ಪ್ರಯೋಗಾಲಯದಲ್ಲಿ ಗೆದ್ದು ರೋಗಿಗಳಲ್ಲಿ ಸೋತಿವೆ. ಗಡ್ಡೆಯ ವಿರುದ್ಧ ಹೋರಾಡುವ ಟಿ-ಕೋಶಗಳೂ ಚುರುಕಾದಾಗ ಇದೇ ರೀತಿ ಗ್ಲೂಕೋಸ್ ಬಳಸುವುದರಿಂದ, ಆ ದಾರಿ ಮುಚ್ಚಿದರೆ ಅವಕ್ಕೂ ಏಟು ಬೀಳಬಹುದು ಎಂಬುದು ಮತ್ತೊಂದು ತೊಡಕು.

ಆದರೆ ನಿರ್ದಿಷ್ಟ ದೌರ್ಬಲ್ಯ ಸಿಕ್ಕಲ್ಲಿ ಚಿಕಿತ್ಸೆ ಫಲಿಸಿದೆ. ಲಿಂಫೋಬ್ಲಾಸ್ಟಿಕ್ ಲ್ಯುಕೇಮಿಯಾ ಎಂಬ ರಕ್ತದ ಕ್ಯಾನ್ಸರಿನ ಕೋಶಗಳು ಆಸ್ಪರಜಿನ್ ಎಂಬ ಅಮೈನೊ ಆಮ್ಲವನ್ನು ಸಾಕಷ್ಟು ತಯಾರಿಸಿಕೊಳ್ಳಲಾರವು. ರಕ್ತದಲ್ಲಿ ಅದನ್ನು ಒಡೆದುಹಾಕುವ ಆಸ್ಪರಜಿನೇಸ್ ಇಂದಿಗೂ ಮಕ್ಕಳನ್ನು ಉಳಿಸುವ ಔಷಧಗಳಲ್ಲಿ ಒಂದು. 1948ರಲ್ಲಿ ಬಾಸ್ಟನ್ನಿನಲ್ಲಿ ವೈದ್ಯ ಸಿಡ್ನಿ ಫಾರ್ಬರ್ ಲ್ಯುಕೇಮಿಯಾದ ಮಕ್ಕಳಲ್ಲಿ ತಾತ್ಕಾಲಿಕ ಚೇತರಿಕೆ ತಂದ ಅಮಿನೋಪ್ಟೆರಿನ್, ಕೋಶ ವಿಭಜನೆಗೆ ಬೇಕಾದ ಫೋಲಿಕ್ ಆಮ್ಲದ ದಾರಿಯನ್ನು ಮುಚ್ಚುವ ಔಷಧ. ಅದು ಬಂದದ್ದು ಆಂಧ್ರದಲ್ಲಿ ಹುಟ್ಟಿದ ಯಲ್ಲಾಪ್ರಗಡ ಸುಬ್ಬರಾವ್ ನೇತೃತ್ವದ ಸಂಶೋಧನಾ ತಂಡದಿಂದ. ಅವರ ಹೆಸರು ನಮ್ಮ ಪಠ್ಯಗಳಲ್ಲಿ ಇನ್ನೂ ದೊಡ್ಡದಾಗಿ ಇರಬೇಕಿತ್ತು.

ಸಂಜೆ ಕ್ಯಾನ್ಸರ್ ತಜ್ಞೆ ಅತ್ತೆಯ ತೂಕ ನೋಡಿ, ಹೀಗೇ ಇಳಿದರೆ ಕೀಮೊದ ಡೋಸನ್ನು ತಡೆದುಕೊಳ್ಳುವುದು ಕಷ್ಟ ಎಂದರು. ಅತ್ತೆ ಅದೇ ಪ್ರಶ್ನೆಯನ್ನು ಮತ್ತೆ ಕೇಳಿದಾಗ ಅವರು ಪೆನ್ನು ಕೆಳಗಿಟ್ಟು, "ನೀವು ಬಿಟ್ಟ ಅನ್ನದಿಂದ ಸೊರಗಿದ್ದು ನೀವು, ಗಡ್ಡೆಯಲ್ಲ" ಎಂದರು. ಮೊಟ್ಟೆ, ಬೇಳೆ, ಮೊಸರು, ಮುದ್ದೆ ಎಂದು ಚೀಟಿಯಲ್ಲಿ ಬರೆದು, ಮಧುಮೇಹ ಇಲ್ಲದ್ದರಿಂದ ಹಣ್ಣಿಗೂ ಅಡ್ಡಿಯಿಲ್ಲ ಎಂದು ಸೇರಿಸಿ, ಅದನ್ನು ಅತ್ತೆಯ ಕೈಗೆ ಕೊಡದೆ ಮಗನ ಕೈಗೇ ಕೊಟ್ಟರು.