ತಳಕ್ಕೆ ತಳ ಜೋಡಿಸಿದ ಎರಡು ಕ್ಯಾಮರಾ

ಅಟ್ಟದ ಮೇಲಿನ ಟ್ರಂಕಿನಲ್ಲಿ ಒಂದೇ ಮಾದರಿಯ ಎರಡು ರೀಲ್ ಕ್ಯಾಮರಾಗಳು ಸಿಕ್ಕವು. ಒಂದು ನನ್ನದು, ಇನ್ನೊಂದು ಕಾಕಾನದು. ಎರಡೂ 35 ಮಿ.ಮೀ. ಫಿಲ್ಮಿನ, ಫೋಕಸ್ ಹೊಂದಿಸುವ ಗೋಜಿಲ್ಲದ ಪ್ಲಾಸ್ಟಿಕ್ ಕ್ಯಾಮರಾಗಳು. ಒಂದು ಕಾಲಕ್ಕೆ ಹುಬ್ಬಳ್ಳಿಯ ಮದುವೆ, ಮುಂಜಿವೆಗಳಲ್ಲಿ ಯಾರ ಕೈಯಲ್ಲಿ ನೋಡಿದರೂ ಇರುತ್ತಿದ್ದಂಥವು. ಜೋಡಿ ಸಿಕ್ಕಿದ್ದರಿಂದ, ಬಹಳ ದಿನಗಳಿಂದ ತಲೆಯಲ್ಲಿ ಸುತ್ತುತ್ತಿದ್ದ ಸ್ಟೀರಿಯೋ ಕ್ಯಾಮರಾವನ್ನು ಈ ಸಲ ಮಾಡಿಯೇ ಬಿಡೋಣ ಎಂದುಕೊಂಡೆ.

ನಮ್ಮ ಎರಡು ಕಣ್ಣುಗಳ ನಡುವೆ ಸುಮಾರು 65 ಮಿ.ಮೀ. ಅಂತರವಿದೆ. ಅಷ್ಟೇ ಅಂತರದ ಎರಡು ಮಸೂರಗಳಿಂದ ಒಂದೇ ಕ್ಷಣಕ್ಕೆ ಎರಡು ಚಿತ್ರ ತೆಗೆದು, ಎಡದ್ದನ್ನು ಎಡಗಣ್ಣಿಗೂ ಬಲದ್ದನ್ನು ಬಲಗಣ್ಣಿಗೂ ತೋರಿಸಿದರೆ ಆಳ ತಾನಾಗಿ ಮೂಡುತ್ತದೆ. 1838ರಲ್ಲಿ ಚಾರ್ಲ್ಸ್ ವೀಟ್‌ಸ್ಟನ್ ಇದನ್ನು ಕನ್ನಡಿಗಳ ಸ್ಟೀರಿಯೋಸ್ಕೋಪಿನಲ್ಲಿ ತೋರಿಸಿದಾಗ ಛಾಯಾಗ್ರಹಣವಿನ್ನೂ ಜಗತ್ತಿಗೆ ಪ್ರಕಟವಾಗಿರಲಿಲ್ಲ. ಆತ ಬಳಸಿದ್ದು ಬರೀ ಗೆರೆಚಿತ್ರಗಳನ್ನು.

ಎರಡನ್ನೂ ಅಲ್ಯೂಮಿನಿಯಂ ಪಟ್ಟಿಯ ಮೇಲೆ ಅಕ್ಕಪಕ್ಕ ಕೂರಿಸುವುದು ಎಲ್ಲರಿಗೂ ಮೊದಲು ಹೊಳೆಯುವ ದಾರಿ, ನನಗೂ ಅದೇ ಹೊಳೆಯಿತು. ಅಳೆದಾಗ ಮಸೂರಗಳ ಅಂತರ 125 ಮಿ.ಮೀ. ಬಂತು. ತೀರ ಹತ್ತಿರದ ವಸ್ತು ಈ ಅಂತರದ ಮೂವತ್ತು ಪಟ್ಟಾದರೂ ದೂರವಿರಬೇಕೆಂಬುದು ಸ್ಟೀರಿಯೋ ಮಾಡುವವರ ಹಳೆಯ ಲೆಕ್ಕ. ಅಂದರೆ ಮೂರೂಮುಕ್ಕಾಲು ಮೀಟರಿಗಿಂತ ಹತ್ತಿರದ ಏನನ್ನೂ ತೆಗೆಯುವಂತಿರಲಿಲ್ಲ. ಆಗ ಕ್ಯಾಮರಾಗಳನ್ನು ಲಂಬವಾಗಿ ನಿಲ್ಲಿಸಿ ತಳಕ್ಕೆ ತಳ ಹಚ್ಚಿ ನೋಡಿದೆ: 72 ಮಿ.ಮೀ. ನೋಡಲು ವಿಚಿತ್ರ, ಹಿಡಿಯಲು ಇನ್ನೂ ವಿಚಿತ್ರ, ಆದರೆ ಈಗ ಎರಡು ಮೀಟರಿನ ಆಸುಪಾಸಿನ ಕಂಬವನ್ನೂ ತೆಗೆಯಬಹುದು. ಇದೇ ಸರಿಯಾದ ದಾರಿ ಎಂಬುದರಲ್ಲಿ ನನಗೆ ಸಂಶಯವಿಲ್ಲ.

ತಳದಲ್ಲಿರುವ ಟ್ರೈಪಾಡ್ ತೂತುಗಳು ಎದುರುಬದುರು ಬರುತ್ತವೆ. ನಡುವೆ ಒಂದು ತಗಡು, ಎರಡೂ ಬದಿಗೆ ಹೊಕ್ಕುವ ಒಂದು ತಲೆಯಿಲ್ಲದ ಬೋಲ್ಟು ಇದ್ದರೆ ಸಾಕು. ಮನೆಯಲ್ಲಿದ್ದ 6 ಮಿ.ಮೀ. ಬೋಲ್ಟನ್ನು ಕತ್ತರಿಸಿ ಹಾಕಿದೆ. ಎರಡು ಸುತ್ತು ಹೋಗಿ ಅಲುಗಾಡತೊಡಗಿತು. ಗೋಕುಲ ರಸ್ತೆಯ ಲೇಥ್ ಅಂಗಡಿಗೆ ಒಯ್ದರೆ ಅಲ್ಲಿಯ ಮಿಸ್ತ್ರಿ ನೋಡಿದವನೇ ನಕ್ಕ: "ಸರ, ಇದು ಎರಡು ಸೂತಿಂದರಿ. ಎಂ.ಎಂ. ಬೋಲ್ಟ ಹೆಂಗ ಕುಂದರತೈತ್ರಿ?" ಎರಡು ಸೂತೆಂದರೆ ಕಾಲು ಇಂಚು, ಅದರ ಹಲ್ಲೇ ಬೇರೆ. ಹತ್ತು ನಿಮಿಷದಲ್ಲಿ ಹಲ್ಲು ಕೊರೆದುಕೊಟ್ಟ.

ನಿಜವಾದ ತೊಡಕು ಚಿತ್ರ ತೆಗೆಯಲು ಒತ್ತುವ ಗುಂಡಿಗಳದ್ದು. ಎಡ ಕ್ಯಾಮರಾದ ಗುಂಡಿ ಎಡಮಗ್ಗುಲಿನ ಮೇಲ್ತುದಿಗೆ ಬಂತು, ಬಲದ್ದು ಬಲಮಗ್ಗುಲಿನ ಕೆಳತುದಿಗೆ. ಎಡಗೈ ತೋರುಬೆರಳು, ಬಲಗೈ ಹೆಬ್ಬೆರಳುಗಳಿಂದ ಒಳಗೆ ಹಿಂಡಬೇಕು. ಫಿಲ್ಮಿಗೆ ಬೆಳಕು ಬಿಡುವ ಷಟರ್ ತೆರೆದಿರುವುದು ಸೆಕೆಂಡಿನ 1/125 ಭಾಗದಷ್ಟು ಮಾತ್ರ. ಒಂದು ಬೆರಳು 1/30 ಸೆಕೆಂಡು ಹಿಂದುಳಿದರೂ ಅಷ್ಟರಲ್ಲಿ ನಡೆಯುವ ಮನುಷ್ಯ ನಾಲ್ಕು ಸೆಂಟಿಮೀಟರ್ ಮುಂದೆ ಹೋಗಿರುತ್ತಾನೆ. ಜೋಡಿಚಿತ್ರದಲ್ಲಿ ಅವನು ತಾನಿದ್ದ ಜಾಗ ಬಿಟ್ಟು ಗೋಡೆಯೊಳಗೋ ಗಾಳಿಯಲ್ಲೋ ನಿಂತಿರುತ್ತಾನೆ.

ಪರೀಕ್ಷೆಗೆ ಫಿಲ್ಮ್ ಹಾಳು ಮಾಡಬೇಕಾಗಿಲ್ಲ. ರಾತ್ರಿ ದೀಪ ಆರಿಸಿ, ಬಿಳಿಗೋಡೆಗೆ ಮುಖಮಾಡಿ, ಎಡ ಕ್ಯಾಮರಾದ ಫ್ಲಾಷ್ ಮಾತ್ರ ಹಚ್ಚಿದೆ. ಬಲ ಕ್ಯಾಮರಾದ ಹಿಂಬಾಗಿಲು ತೆರೆದು, ಫಿಲ್ಮ್ ಎಳೆಯುವ ಹಲ್ಲುಗಾಲಿಯನ್ನು ಬೆರಳಿನಿಂದ ತಿರುಗಿಸಿ ಷಟರ್ ಬಿಗಿದು, ಹಿಂದಿನಿಂದ ಕಣ್ಣಿಟ್ಟು ಎರಡೂ ಗುಂಡಿ ಒತ್ತಿದೆ. ಫ್ಲಾಷ್ ಹೊಡೆದ ಗಳಿಗೆಯಲ್ಲಿ ಬಲ ಷಟರ್ ತೆರೆದಿದ್ದರೆ ಬಟಾಣಿಯಷ್ಟು ಬೆಳಕು ಕಾಣುತ್ತದೆ, ಇಲ್ಲದಿದ್ದರೆ ಕತ್ತಲೆ. ಮೊದಲ ದಿನ ಇಪ್ಪತ್ತು ಸಲ ಒತ್ತಿದರೆ ಬೆಳಕು ಕಂಡದ್ದು ಮೂರೇ ಸಲ. ಬಲ ಗುಂಡಿ ತುಸು ಆಳಕ್ಕೆ ಹೋದ ಮೇಲೆ ಬಿಡುತ್ತದೆಂದು ತಿಳಿದು, ಅದನ್ನು ತಡೆ ಹತ್ತುವವರೆಗೆ ಮೊದಲೇ ಒತ್ತಿಟ್ಟು, ಆಮೇಲೆ ಎರಡನ್ನೂ ನಿಂಬೆಹಣ್ಣು ಹಿಂಡಿದ ಹಾಗೆ ಹಿಂಡುವುದನ್ನು ವಾರವಿಡೀ ರೂಢಿ ಮಾಡಿಕೊಂಡ ಮೇಲೆ ಲೆಕ್ಕ ಹದಿನಾಲ್ಕಕ್ಕೆ ಏರಿತು.

ಮೊದಲ ಜೋಡಿ ರೋಲುಗಳೊಂದಿಗೆ ಗದಗ ಹತ್ತಿರದ ಲಕ್ಕುಂಡಿಗೆ ಹೋದೆ. ಕಾಶಿವಿಶ್ವೇಶ್ವರ ಗುಡಿಯ ಬಾಗಿಲವಾಡದ ಪಟ್ಟಿಕೆಗಳು ಒಂದರ ಹಿಂದೊಂದು ಸರಿಯುವ ರೀತಿ, ನುಣ್ಣಗೆ ಕಡೆದ ಬಳಪದ ಕಲ್ಲಿನ ಕಂಬಗಳ ಅಂಚುಗಳು ಒಂದೇ ಕಣ್ಣಿನ ಚಿತ್ರದಲ್ಲಿ ಚಪ್ಪಟೆಯಾಗಿಬಿಡುತ್ತವೆ. ಕಲ್ಲು ಅಲುಗಾಡುವುದಿಲ್ಲ ಎಂಬ ಅನುಕೂಲವೂ ಇತ್ತೆನ್ನಿ.

ಎರಡೂ ಕಪ್ಪುಬಿಳುಪು ರೋಲುಗಳನ್ನು ಒಂದೇ ಟ್ಯಾಂಕಿನಲ್ಲಿ ಒಟ್ಟಿಗೆ ತೊಳೆದೆ. ಬೇರೆ ಬೇರೆ ತೊಳೆದರೆ ಒಂದು ಕಣ್ಣಿಗೆ ಕಪ್ಪು ಹೆಚ್ಚು, ಇನ್ನೊಂದಕ್ಕೆ ಕಡಿಮೆ ಆಗುವ ಭಯ. ಪ್ರತಿ ಚಿತ್ರವನ್ನು 62 ಮಿ.ಮೀ. ಅಗಲ, 93 ಮಿ.ಮೀ. ಎತ್ತರಕ್ಕೆ ಮುದ್ರಿಸಿ, ಚಷ್ಮಾ ಅಂಗಡಿಯಿಂದ ತಂದ ಪ್ಲಸ್ ಹತ್ತು ಪವರಿನ ಎರಡು ಗಾಜುಗಳನ್ನು ರಟ್ಟಿನ ಪೆಟ್ಟಿಗೆಗೆ ಕೂರಿಸಿ ನೋಡಿದರೆ, ಕಂಬ ಉಬ್ಬುವ ಬದಲು ಗೋಡೆಯಲ್ಲಿ ಕೊರೆದ ಕೊಳವೆಯಂತೆ ಒಳಗೆ ಹೋಗಿತ್ತು! ಎಡಬಲ ಅದಲುಬದಲಾಗಿತ್ತು. ತಳಕ್ಕೆ ತಳ ಹಚ್ಚಿದ್ದರಿಂದ ಒಂದು ಫಿಲ್ಮಿನ ಚಿತ್ರಗಳು ಇನ್ನೊಂದಕ್ಕೆ ತಲೆಕೆಳಗಾಗಿ ಮೂಡಿರುತ್ತವೆ. ಅಂಚಿನ ಅಂಕಿಗಳನ್ನು ನೇರ ಹಿಡಿದು ಚಿತ್ರದ ತಲೆ ಯಾವ ಬದಿಗಿದೆ ಎಂದು ನೋಡಿದರೆ ಯಾವ ಕ್ಯಾಮರಾದ್ದೆಂದು ಗೊತ್ತಾಗುತ್ತದೆ. ಇದು ಹೊಳೆಯಲು ನನಗೆ ಎರಡು ದಿನ ಬೇಕಾಯಿತು.

ಸರಿಪಡಿಸಿದ ಜೋಡಿಯನ್ನು ಪೆಟ್ಟಿಗೆಸಮೇತ ಲೇಥ್ ಅಂಗಡಿಗೆ ಒಯ್ದೆ. ಮಿಸ್ತ್ರಿ ಎಣ್ಣೆಗೈ ಒರೆಸಿಕೊಂಡು, ಕಣ್ಣಿಟ್ಟು, ಬಹಳ ಹೊತ್ತು ಸುಮ್ಮನೆ ನೋಡಿದ. ಆಮೇಲೆ ಪೆಟ್ಟಿಗೆ ಕೆಳಗಿಳಿಸದೆಯೇ ಕೇಳಿದ: "ಇಷ್ಟ ದೊಡ್ಡ ಕಲ್ಲ ಲೇಥಿನ ಚಕ್ಕಿಗೆ ಹೆಂಗ ಕಟ್ಟಿದ್ರರಿ?"