ಜೆಫರ್ಸನ್ ಕೆನ್ನೆ, ನಾಲ್ಕನೇ ಸಲ

ನಾನು ನಕಲು ಮಾಡುತ್ತಿರುವ ಪುಟ್ಟ ಜೆಫರ್ಸನ್ ಭಾವಚಿತ್ರದಲ್ಲಿ ಕೊನೆಗೂ ಕೆನ್ನೆ ಕೂತಿತು! ಮೂರು ಹಾಳೆ ಕಸದಬುಟ್ಟಿ ಸೇರಿದ ಮೇಲೆ.

ಮೂಲ, 1788ರಲ್ಲಿ ಚಿತ್ರಕಾರ ಜಾನ್ ಟ್ರಂಬುಲ್ ಬರೆದ ಥಾಮಸ್ ಜೆಫರ್ಸನ್, ಮುಂದೆ ಅಮೆರಿಕದ ಅಧ್ಯಕ್ಷನಾದವನು. ಅಮೆರಿಕದ ಸ್ವಾತಂತ್ರ್ಯ ಘೋಷಣೆಯ ದೊಡ್ಡ ಚಿತ್ರಕ್ಕೆಂದು ಪ್ಯಾರಿಸ್ಸಿನಲ್ಲಿ ಎದುರು ಕೂರಿಸಿ ಬರೆದ ಮುಖವನ್ನೇ ಆಮೇಲೆ ಮೂರು ಪುಟ್ಟ ಪ್ರತಿ ಮಾಡಿದ: ಜೆಫರ್ಸನ್‌ನ ಮಗಳು ಮಾರ್ಥಾಗೆ ಒಂದು, ಅವನ ಗೆಳತಿಯರಾದ ಏಂಜೆಲಿಕಾ ಚರ್ಚ್ ಮತ್ತು ಮರಿಯಾ ಕಾಸ್ವೇಗೆ ಒಂದೊಂದು. ಈ ಮರಿಯಾ ಸ್ವತಃ ಚಿತ್ರಗಾರ್ತಿ. ಅವಳಿಗೆ ಕೊಟ್ಟದ್ದು 1976ರಲ್ಲಿ ಇಟಲಿ ಸರ್ಕಾರದ ಉಡುಗೊರೆಯಾಗಿ ಶ್ವೇತಭವನ ಸೇರಿತು. ಮೂರೂ ಮಹಾಗನಿ ಹಲಗೆ ಮೇಲಿನ ಎಣ್ಣೆಬಣ್ಣ. ನಾನು ಮಾತ್ರ, ಆ ಕಾಲದಲ್ಲಿ ದಂತದ ಮೇಲೆ ಬರೆಯುತ್ತಿದ್ದ ಮಿನಿಯೇಚರ್ (ಪುಟ್ಟ ಭಾವಚಿತ್ರ) ಥರ ಜಲವರ್ಣದಲ್ಲೇ ಮಾಡ್ತೀನಿ ಅಂತ ಹೊರಟ ಮೊಂಡ. ದಂತವನ್ನಂತೂ ಮುಟ್ಟುವ ಮಾತಿಲ್ಲ, ಅದರ ಬದಲಿ ಪ್ಲಾಸ್ಟಿಕ್ ಹಾಳೆ.

ಇದು ನೀರು ಕುಡಿಯೋದಿಲ್ಲ. ಮೊದಲ ಗೆರೆ ಕೂರುತ್ತೆ, ಎರಡನೆಯದು ಬಂದು ಅದನ್ನ ಎಬ್ಬಿಸಿಕೊಂಡು ಹೋಗುತ್ತೆ. ಚರ್ಮಕ್ಕೆ ಬಿಳಿ ಬಳಿದು ಮುಚ್ಚೋಣವೆಂದರೆ ಕೆಳಗಿನ ಹೊಳಪೇ ಸತ್ತುಹೋಗುತ್ತೆ. ಗೋಂದು ಹೆಚ್ಚಿಸಿದೆ; ಹಿಡಿಯಿತು, ಆದರೆ ಮರುದಿನ ನೋಡಿದರೆ ಜೆಫರ್ಸನ್ ಮುಖ ಬೇಸಿಗೆಯ ಕೆರೆಯಂಗಳ. ಬಣ್ಣ ಸಮನಾಗಿ ಹರಡಿಸುವ ಆಕ್ಸ್ ಗಾಲ್ ಹಾಕಿದೆ; ಹನಿಗಟ್ಟೋದು ನಿಂತಿತು, ಏಳೋದು ನಿಲ್ಲಲಿಲ್ಲ. (ಅದು ಎತ್ತಿನ ಪಿತ್ತ ಅಂತ ಅಮ್ಮನಿಗೆ ಹೇಳಿಲ್ಲ. 'ಬಣ್ಣದ ಔಷಧಿ' ಅಂದಿದ್ದೇನೆ.)

ಈ ಮಧ್ಯೆ ಟ್ರಿಪಲ್ ಝೀರೋ ಅನ್ನೋ ಅತಿ ಸಣ್ಣ ಕುಂಚ ತರಿಸಿದ್ದೆ. ಬಂದದ್ದು ಮೊನೆ ಸೀಳಿದ ಹಾವಿನ ನಾಲಿಗೆ. "ನೀರಲ್ಲಿ ಅದ್ದಿ ಸರ್, ಸೇರ್ಕೊಳುತ್ತೆ" ಅಂದರು ಅಂಗಡಿಯವರು. ಸೇರಲಿಲ್ಲ. ವಾಪಸ್ಸೂ ತಗೊಳ್ಳಲಿಲ್ಲ. ಆ ಸಿಟ್ಟಿಗೆ ಅದಕ್ಕಿಂತ ದಪ್ಪನೆಯ ಹಳೇ ಎರಡನೇ ನಂಬರ್ ಕುಂಚವನ್ನೇ ಎತ್ತಿಕೊಂಡೆ, ದಾರಿ ತೆರೆದದ್ದು ಅಲ್ಲೇ. ಅತಿ ಸಣ್ಣ ಕುಂಚದಲ್ಲಿ ಬಣ್ಣ ತುದಿಗೆ ಬರುವಷ್ಟರಲ್ಲಿ ಒಣಗಿರುತ್ತೆ, ಅದನ್ನ ಎಳೆಯಲು ನಾನು ನೀರು ಸೇರಿಸುತ್ತಿದ್ದೆ, ಆ ನೀರೇ ಕೆಳಗಿನದನ್ನ ಕರಗಿಸುತ್ತಿತ್ತು. ಎರಡನೇ ನಂಬರಿನ ಹೊಟ್ಟೆ ದೊಡ್ಡದು, ಮೊನೆ ಚೂಪು. ಬಟ್ಟೆಗೆ ಒಮ್ಮೆ ಒತ್ತಿ, ಗೆರೆ ಮೇಲೆ ಗೆರೆ ಹಾಕದೆ ಎರಡರ ನಡುವಿನ ಸಂದಿಯಲ್ಲಿ ಇಡೋದು. ರಾತ್ರಿಗೆ ಒಂದೇ ಪದರ, ಆಮೇಲೆ ಮುಚ್ಚಿಟ್ಟು ಮಲಗೋದು. ಹಾಳೆಗೆ ಮೊದಲೇ ಪ್ಯೂಮಿಸ್ ಕಲ್ಲಿನ ಪುಡಿ ಸುತ್ತುಸುತ್ತಾಗಿ ಉಜ್ಜಿದ್ದೂ ನೆರವಾಯಿತು.

ಒಂಬತ್ತು ರಾತ್ರಿ ಆಯಿತು. ಒಂದೇ ಕೆನ್ನೆಗೆ! ಈ ಲೆಕ್ಕದಲ್ಲಿ ಮುಂದಿನ ಯೋಜನೆ ಮೈಸೂರು ಗಂಜೀಫಾ (ಚಿತ್ರ ಬರೆದ ಆಟದ ಎಲೆಗಳು) ನೆನೆಸಿಕೊಂಡರೆ ಎದೆ ಧಸಕ್ ಅನ್ನುತ್ತೆ: ದಶಾವತಾರದ ಕಟ್ಟಿಗೆ 120 ಗುಂಡನೆ ಎಲೆ. ಮತ್ಸ್ಯದ ರಾಜನ ಸ್ಕೆಚ್ ಮಾತ್ರ ಆಗಲೇ ಮುಗಿದಿದೆ, ತಡೆಯೋಕಾಗಲಿಲ್ಲ.

ಜೆಫರ್ಸನ್‌ನ ಕುತ್ತಿಗೆ ಬಟ್ಟೆ ಉಳಿದಿದೆ. ಬಿಳಿ ಮೇಲೆ ಬಿಳಿ. ಇನ್ನೊಂದು ಎರಡನೇ ನಂಬರ್ ಬೇಕು, ಬೇರೆ ಅಂಗಡಿಯದು.