ಪಕ್ಕದಲ್ಲೇ ಸೀನಿಯರ್ ಇದ್ದರೂ ಕೇಳೋಕೆ ಭಯ

ಕೆಲಸ ಬಿಡುವ ನರ್ಸ್‌ಗಳ ರಾಜೀನಾಮೆ ಪತ್ರದಲ್ಲಿ ಸಾಮಾನ್ಯವಾಗಿ ಒಂದೇ ಮಾತು ಇರುತ್ತದೆ: ‘ಸ್ವಂತ ಕಾರಣದಿಂದ’. ಮದುವೆ, ಊರು ದೂರ, ಬೆಂಗಳೂರಿನಲ್ಲಿ ಜಾಸ್ತಿ ಸಂಬಳ. ಇವು ಸುಳ್ಳಲ್ಲ. ಆದರೆ ಕೊನೆಯ ದಿನ ಚಹಾಕ್ಕೆ ಕೂತಾಗ ಇನ್ನೊಂದು ಮಾತು ಹೊರಗೆ ಬರುತ್ತದೆ. ‘ಕೆಲಸ ಎಷ್ಟಿದ್ದರೂ ಮಾಡ್ತೀನಿ ಅಕ್ಕ. ಆದ್ರೆ ಬೆಳಿಗ್ಗೆ ಬಸ್ಸಿಂದ ಇಳಿಯುವಾಗಲೇ ಹೊಟ್ಟೆಯಲ್ಲಿ ಸಂಕಟ ಶುರುವಾಗುತ್ತೆ, ಇವತ್ತು ಯಾರು ಏನಂತಾರೋ ಅಂತ.’

ನಾನು ದಾವಣಗೆರೆಯಲ್ಲಿ ವಾರ್ಡ್ ಇನ್‌ಚಾರ್ಜ್ ಆಗಿ ಕೆಲಸ ಮಾಡುತ್ತೇನೆ. ಈ ಮಾತನ್ನು ಹರಿಹರದಿಂದ ಓಡಾಡುವ ಹುಡುಗಿಯರಿಂದಲೂ ಕೇಳಿದ್ದೇನೆ, ಇಲ್ಲೇ ರೂಮು ಮಾಡಿಕೊಂಡವರಿಂದಲೂ ಕೇಳಿದ್ದೇನೆ. ನಾವು ನರ್ಸ್‌ಗಳು ಒಬ್ಬರಿಗೊಬ್ಬರು ಆಡುವ ಒರಟು ಮಾತು ನಮ್ಮ ಕೆಲಸದ ಖುಷಿಯನ್ನೇ ತಿಂದು ಹಾಕುತ್ತಿದೆ. ಅದರ ಏಟು ಕೊನೆಗೆ ರೋಗಿಗೂ ಬೀಳುತ್ತದೆ.

ದೊಡ್ಡ ಜಗಳವಾದರೆ ದೂರು ಕೊಡಬಹುದು. ಇದು ದೂರಿಗೆ ಸಿಗುವಂಥದ್ದಲ್ಲ. ಪ್ರಶ್ನೆ ಕೇಳಿದರೆ ಮುಖ ತಿರುಗಿಸುವುದು. ಜಿಎನ್‌ಎಂ (ನರ್ಸಿಂಗ್ ಡಿಪ್ಲೊಮಾ) ಓದಿದವಳಿಗೆ ‘ಬಿಎಸ್ಸಿ ಆಗಿದ್ರೆ ಗೊತ್ತಿರ್ತಿತ್ತು’ ಅನ್ನುವುದು. ದುಗ್ಗಮ್ಮನ ಜಾತ್ರೆ ಬಂದಾಗ ನೈಟ್ ಡ್ಯೂಟಿ ಹೊಸಬರ ತಲೆಗೇ ಕಟ್ಟುವುದು. ಸಂಜೆ ಡ್ಯೂಟಿ ರೂಮಿನಲ್ಲಿ ಮಂಡಕ್ಕಿ, ಮೆಣಸಿನಕಾಯಿ ಪೊಟ್ಟಣ ಬಿಚ್ಚಿ ಎಲ್ಲರನ್ನೂ ಕರೆದು ಒಬ್ಬಳನ್ನು ಮಾತ್ರ ಕರೆಯದೆ ಇರುವುದು. ಇದನ್ನು ಯಾರ ಹತ್ತಿರ ಹೇಳಿಕೊಳ್ಳಬೇಕು? ‘ಅಷ್ಟಕ್ಕೆಲ್ಲ ಬೇಜಾರಾ?’ ಅಂತಾರೆ ಅಷ್ಟೇ.

ಲಿನ್ ಆಂಡರ್ಸನ್ ಮತ್ತು ಕ್ರಿಸ್ಟೀನ್ ಪಿಯರ್ಸನ್ ಅನ್ನುವ ಸಂಶೋಧಕರು 1999ರಲ್ಲಿ ಇದರ ಬಗ್ಗೆಯೇ ಬರೆದರು. ನೋಯಿಸಬೇಕು ಅಂತಲೇ ಮಾಡಿದ್ದೋ ಅಲ್ಲವೋ ಗೊತ್ತಾಗದಂಥ ಸಣ್ಣ ಅಗೌರವ ಇದು, ಮಾತಿಗೆ ಮಾತು ಬೆಳೆದು ದೊಡ್ಡದಾಗುತ್ತಾ ಹೋಗುತ್ತದೆ ಅಂತ. ನಮ್ಮ ವಾರ್ಡಿನಲ್ಲೂ ಹಾಗೇ ಆಗುತ್ತದೆ. ಬೆಳಿಗ್ಗೆ ರೌಂಡ್ಸ್‌ನಲ್ಲಿ ಬೈಸಿಕೊಂಡ ಸಿಸ್ಟರ್ ಮಧ್ಯಾಹ್ನ ಜೂನಿಯರ್ ಮೇಲೆ ಹರಿಹಾಯುತ್ತಾಳೆ, ಆ ಜೂನಿಯರ್ ಆಯಾ ಮೇಲೆ ರೇಗುತ್ತಾಳೆ.

ಇದರಿಂದ ಏನಾಗುತ್ತದೆ ಅಂತ ನಾನು ಕಣ್ಣಾರೆ ಕಂಡದ್ದು ನೈಟ್ ಸೂಪರ್‌ವೈಸರ್ ಡ್ಯೂಟಿಯಲ್ಲಿದ್ದಾಗ. ಜಗಳೂರು ಕಡೆಯ ಹೊಸ ಹುಡುಗಿಯೊಬ್ಬಳು ಮೆಟ್ಟಿಲ ಹತ್ತಿರ ನಿಂತು ಮೆಲ್ಲಗೆ ಫೋನಿನಲ್ಲಿ ಮಾತಾಡುತ್ತಿದ್ದಳು. ಕೈಯಲ್ಲಿ ಕೇಸ್ ಶೀಟ್. ಶಿವಮೊಗ್ಗದಲ್ಲಿ ಕೆಲಸ ಮಾಡುವ ತನ್ನ ಕ್ಲಾಸ್‌ಮೇಟ್ ಹತ್ತಿರ ಡೌಟ್ ಕೇಳುತ್ತಿದ್ದಳು.

ಅರ್ಧ ಲೀಟರ್ ಸಲೈನ್‌ಗೆ ಪೊಟ್ಯಾಸಿಯಂ ಕ್ಲೋರೈಡ್ 1 ಆಂಪ್ಯೂಲ್ ಸೇರಿಸಿ ಹಾಕಬೇಕು ಅಂತ ಆರ್ಡರ್ ಇತ್ತು. ಎಷ್ಟು ಗಂಟೆಯಲ್ಲಿ ಅನ್ನುವ ಕಡೆ ಬರೆದಿದ್ದ ಅಂಕಿ 1ರ ಹಾಗೂ ಕಾಣುತ್ತಿತ್ತು, 4ರ ಹಾಗೂ ಕಾಣುತ್ತಿತ್ತು. ನಾವು ಬಳಸುವ 10 ಎಂಎಲ್ ಆಂಪ್ಯೂಲಿನಲ್ಲಿ 20 ಮಿಲಿಈಕ್ವಿವಲೆಂಟ್ (ಪೊಟ್ಯಾಸಿಯಂ ಅಳೆಯುವ ಲೆಕ್ಕ) ಪೊಟ್ಯಾಸಿಯಂ ಇರುತ್ತದೆ. 4 ಗಂಟೆ ಅಂದರೆ ಗಂಟೆಗೆ 5 ಹೋಗುತ್ತದೆ. 1 ಗಂಟೆ ಅಂದರೆ ಇಪ್ಪತ್ತೂ ಒಂದೇ ಗಂಟೆಯಲ್ಲಿ. ಎದೆಬಡಿತ ತೋರಿಸುವ ಮಾನಿಟರ್ ಇಲ್ಲದ ವಾರ್ಡಿನಲ್ಲಿ ಗಂಟೆಗೆ 10 ದಾಟಬಾರದು ಅಂತ ನಾವು ಪಾಲಿಸುತ್ತೇವೆ. ಪೊಟ್ಯಾಸಿಯಂ ವೇಗವಾಗಿ ಹೋದರೆ ಎದೆಬಡಿತ ಏರುಪೇರಾಗುತ್ತದೆ, ಹೃದಯ ನಿಂತೂ ಹೋಗಬಹುದು. ಆ ಹುಡುಗಿಗೆ ಡೌಟ್ ಬಂದದ್ದು ಸರಿಯಾಗಿಯೇ ಇತ್ತು. ಒಳ್ಳೆಯ ನರ್ಸ್‌ಗೆ ಬರಬೇಕಾದ ಡೌಟ್ ಅದು. ಆದರೆ ಶಿವಮೊಗ್ಗದ ಗೆಳತಿಗೆ ಕೇಸ್ ಶೀಟ್ ಕಾಣುತ್ತದಾ? ಕೇಸ್ ಶೀಟ್ ನೋಡಿ ಡ್ಯೂಟಿ ಡಾಕ್ಟರ್‌ಗೆ ಫೋನ್ ಮಾಡಬಲ್ಲ ಸೀನಿಯರ್ ಸಿಸ್ಟರ್ ಅದೇ ವಾರ್ಡಿನ ಟೇಬಲ್ಲಿನಲ್ಲಿ ಕೂತು ಚಾರ್ಟ್ ಬರೆಯುತ್ತಿದ್ದರು.

‘ಅವರನ್ನೇ ಯಾಕೆ ಕೇಳಲಿಲ್ಲ?’ ಅಂದೆ. ಓವರ್ ತಗೊಳ್ಳುವಾಗ, ಅಂದರೆ ಹಿಂದಿನ ಡ್ಯೂಟಿಯವರಿಂದ ರೋಗಿಗಳ ವಿವರ ತಿಳಿದುಕೊಳ್ಳುವಾಗ, ಒಬ್ಬ ರೋಗಿಗೆ ಕ್ಯಾತಿಟರ್ (ಮೂತ್ರದ ನಳಿಕೆ) ಯಾವಾಗ ಹಾಕಿದ್ದು ಅಂತ ಕೇಳಿದ್ದಳಂತೆ. ‘ಚಾರ್ಟ್ ಓದೋಕೆ ಬರಲ್ವಾ? ಯಾವ ಕಾಲೇಜಿಂದ ಬಂದಿದ್ದೀಯ?’ ಅಂತ ಸಂಜೆ ಡ್ಯೂಟಿಯವರು ರೋಗಿಯ ಕಡೆಯವರ ಮುಂದೆಯೇ ಅಂದರಂತೆ. ಪಕ್ಕದಲ್ಲಿದ್ದ ಈ ಸೀನಿಯರ್ ಸಿಸ್ಟರೂ ನಕ್ಕರಂತೆ. ಡಾಕ್ಟರ್‌ಗೆ ಫೋನ್ ಮಾಡಿ ಕೇಳಿದೆವು. 4 ಗಂಟೆಯೇ ಆಗಿತ್ತು.

ಇಸ್ರೇಲಿನಲ್ಲಿ ಎಳೆ ಕೂಸುಗಳ ಐಸಿಯು ತಂಡಗಳ ಮೇಲೆ ನಡೆದ ಒಂದು ಪ್ರಯೋಗ 2015ರಲ್ಲಿ ಪ್ರಕಟವಾಯಿತು. ಡಾಕ್ಟರ್, ನರ್ಸ್ ಇದ್ದ 24 ತಂಡಗಳಿಗೆ ತರಬೇತಿಗೆಂದು ಒಂದು ಬೊಂಬೆ ಮಗು ಕೊಟ್ಟರು. ಕೆಲವು ತಂಡಗಳಿಗೆ ಹೊರಗಿನ ತಜ್ಞರೊಬ್ಬರಿಂದ ಅವರನ್ನು ಸ್ವಲ್ಪ ಕೀಳಾಗಿ ಕಾಣುವ ಮಾತು ಆಡಿಸಿದರು. ಬೈಗುಳವೇನೂ ಅಲ್ಲ. ಅಷ್ಟಕ್ಕೇ ಆ ತಂಡಗಳು ಕಾಯಿಲೆ ಗುರುತಿಸುವುದರಲ್ಲೂ ಚಿಕಿತ್ಸೆ ಕೊಡುವುದರಲ್ಲೂ ಹಿಂದೆ ಬಿದ್ದವು. ಗೊತ್ತಿದ್ದದ್ದನ್ನು ಒಬ್ಬರಿಗೊಬ್ಬರು ಹೇಳುವುದು, ಸಹಾಯ ಕೇಳುವುದು ಕಡಿಮೆಯಾಗಿತ್ತು. ಮೆಟ್ಟಿಲ ಹತ್ತಿರ ನಾನು ಕಂಡದ್ದೂ ಅದೇ ಅಲ್ವಾ?

ಕೆಲಸದ ತೃಪ್ತಿಯ ಬಗ್ಗೆಯೂ ಕೆನಡಾದಲ್ಲಿ ಹೆದರ್ ಲಾಶಿಂಜರ್ ಮತ್ತು ಜೊತೆಯವರು ನರ್ಸ್‌ಗಳನ್ನು ಕೇಳಿ 2009ರಲ್ಲಿ ಬರೆದಿದ್ದಾರೆ. ಮೇಲಿನವರ ಒರಟುತನ ಜಾಸ್ತಿ ಇದ್ದ ಕಡೆ ತೃಪ್ತಿ ಕಡಿಮೆ, ಸಂಸ್ಥೆಯ ಮೇಲಿನ ಅಭಿಮಾನವೂ ಕಡಿಮೆ. ಇನ್‌ಚಾರ್ಜ್ ಆದವರು ಇದನ್ನು ಎರಡು ಸಲ ಓದಬೇಕು.

ಜನ ಕಡಿಮೆ, ಒತ್ತಡ ಜಾಸ್ತಿ, ಅದಕ್ಕೆ ಸಿಟ್ಟು ಬರುತ್ತದೆ ಅನ್ನುತ್ತಾರೆ. ನಿಜ. ಭಾರತೀಯ ನರ್ಸಿಂಗ್ ಪರಿಷತ್ತಿನ ಲೆಕ್ಕದಲ್ಲಿ ಬೋಧನಾ ಆಸ್ಪತ್ರೆಯಲ್ಲಿ 3 ರೋಗಿಗಳಿಗೆ ಒಬ್ಬ ನರ್ಸ್, ಸಾಮಾನ್ಯ ಆಸ್ಪತ್ರೆಯಲ್ಲಿ 5 ರೋಗಿಗಳಿಗೆ ಒಬ್ಬರು ಬೇಕು. ಚನ್ನಗಿರಿ, ಹೊನ್ನಾಳಿ, ಹರಪನಹಳ್ಳಿಯಿಂದೆಲ್ಲ ರೋಗಿಗಳು ಬಂದು ತುಂಬಿದ ವಾರ್ಡಿನಲ್ಲಿ ಆ ಲೆಕ್ಕ ಎಲ್ಲಿ ಸಿಗಬೇಕು? ಆದರೆ ಆ ಸಿಟ್ಟು ಯಾವತ್ತೂ ಮೇಲಕ್ಕೆ ಹೋಗುವುದಿಲ್ಲ, ಕೆಳಗಿನವರ ಮೇಲೇ ಬೀಳುತ್ತದೆ. ಆ ಕೆಳಗಿನವಳೂ ಬಿಟ್ಟು ಹೋದರೆ ಇನ್ನೊಬ್ಬಳು ಕಡಿಮೆಯಾಗುತ್ತಾಳೆ.

ನಮ್ಮ ವಾರ್ಡಿನಲ್ಲಿ ಈಗ ಓವರ್ ಕೊಡುವಾಗ ರೋಗಿಯ ಮುಂದೆ ರೋಗಿಯ ವಿಷಯ ಮಾತ್ರ. ತಪ್ಪು ಹೇಳುವುದಿದ್ದರೆ ಆಮೇಲೆ ಡ್ಯೂಟಿ ರೂಮಿನಲ್ಲಿ, ಬಾಗಿಲು ಹಾಕಿಕೊಂಡು. ವಾಟ್ಸಾಪ್ ಗ್ರೂಪಿನಲ್ಲಿ ಯಾರ ತಪ್ಪನ್ನೂ ಹಾಕುವಂತಿಲ್ಲ. ಎಲ್ಲಕ್ಕಿಂತ ಉಪಯೋಗವಾದದ್ದು ಪೊಟ್ಯಾಸಿಯಂ, ಇನ್ಸುಲಿನ್, ಹೆಪಾರಿನ್ (ರಕ್ತ ಹೆಪ್ಪುಗಟ್ಟದ ಹಾಗೆ ಕೊಡುವ ಔಷಧಿ) ಕೊಡುವ ಮೊದಲು ಇಬ್ಬರು ನೋಡಿ ಸಹಿ ಹಾಕಬೇಕು ಅನ್ನುವುದನ್ನು ಕಟ್ಟುನಿಟ್ಟು ಮಾಡಿದ್ದು. ಸೀನಿಯರ್ ಕೂಡ ಜೂನಿಯರ್ ಹತ್ತಿರ ಬಂದು ‘ಇದನ್ನ ಒಂಚೂರು ನೋಡವ್ವಾ’ ಅನ್ನಲೇಬೇಕು. ಕೇಳುವುದು ಎಲ್ಲರ ಕೆಲಸವಾದ ಮೇಲೆ ಕೇಳಿದವಳಿಗೆ ಅವಮಾನ ಅನ್ನಿಸುವುದಿಲ್ಲ.

ರೌಂಡ್ಸ್‌ನಲ್ಲಿ ಡಾಕ್ಟರ್‌ಗಳು ಎಲ್ಲರ ಮುಂದೆ ಬೈಯುವುದು ಇನ್ನೂ ನಿಂತಿಲ್ಲ. ಅದು ನಮ್ಮ ವಾರ್ಡಿನ ನಿಯಮಕ್ಕೆ ಸಿಗುವಂಥದ್ದಲ್ಲ. ನರ್ಸಿಂಗ್ ಸೂಪರಿಂಟೆಂಡೆಂಟ್ ಮೇಡಂ ಹತ್ತಿರ ಮಾತಾಡಿದ್ದೇವೆ. ಕೆಲಸ ಬಿಡುವವರನ್ನು ಇನ್‌ಚಾರ್ಜ್ ಇಲ್ಲದಾಗ ಕೂರಿಸಿಕೊಂಡು ನಿಜವಾದ ಕಾರಣ ಕೇಳಿ ಬರೆದಿಡಿ, ಆ ಕಾರಣ ನಾನೇ ಆಗಿದ್ದರೂ ಸರಿ ಅಂತ ಕೇಳಿಕೊಂಡಿದ್ದೇನೆ.